ವೀಳ್ಯ ಕೊಟ್ಟ ಕೈ

ಶಾಲೆಯಲ್ಲಿ ನಾವು ಓದಿದ್ದು ಒಂದೇ ಸಾಲು: ಸುಲ್ತಾನರು ಒಂದಾದರು, ವಿಜಯನಗರ ಬಿತ್ತು. ಹಾಗಿದ್ದರೆ 1565ಕ್ಕಿಂತ ಮೊದಲೇ ಯಾಕೆ ಒಂದಾಗಲಿಲ್ಲ? ನನ್ನನ್ನು ಬಹಳ ವರ್ಷ ಕಾಡಿದ ಪ್ರಶ್ನೆ ಇದು.

ನೆರೆಯಲ್ಲಿ ಒಬ್ಬ ಬಲಿಯುತ್ತಿದ್ದರೆ ಸುತ್ತಲಿನ ರಾಜ್ಯಗಳು ಮುಖ್ಯವಾಗಿ ಎರಡು ದಾರಿ ಹಿಡಿಯುತ್ತವೆ ಎನ್ನುತ್ತದೆ ರಾಜ್ಯಶಾಸ್ತ್ರ. ಉಳಿದವರ ಜೊತೆ ಸೇರಿ ಅವನನ್ನು ತಡೆಯುವುದು ಒಂದು, ಅವನ ಬೆನ್ನಿಗೇ ನಿಂತು ಲಾಭ ಪಡೆಯುವುದು ಇನ್ನೊಂದು. ಅಳಿಯ ರಾಮರಾಯನ ಕಾಲದ ದಖನ್ನಿನಲ್ಲಿ ಎರಡನೆಯದೇ ಹೆಚ್ಚು ನಡೆಯಿತು. 1542ರ ನಂತರ ವಿಜಯನಗರದ ಅರಸ ಸದಾಶಿವರಾಯನ ಹೆಸರಿನಲ್ಲಿ ಆಳಿದ್ದು ರಾಮರಾಯ. ಬಿಜಾಪುರವನ್ನು ಬಗ್ಗಿಸಲು ಅಹಮದ್‌ನಗರ ಅವನ ನೆರವು ಕೇಳಿತು. ಆ ಯುದ್ಧದಲ್ಲಿ ರಾಯಚೂರು, ಮುದಗಲ್ಲು ವಿಜಯನಗರದ ಪಾಲಾದವು. ಕೆಲವೇ ವರ್ಷಗಳಲ್ಲಿ ದಿಕ್ಕು ತಿರುಗಿತು. ಬಿಜಾಪುರದ ಹೊಸ ಸುಲ್ತಾನ ಅಲಿ ಆದಿಲಶಹ, ಮಗನನ್ನು ಕಳೆದುಕೊಂಡ ರಾಮರಾಯನಿಗೆ ಸಾಂತ್ವನ ಹೇಳಲು ತಾನೇ ವಿಜಯನಗರಕ್ಕೆ ಹೋದ. ಮುಂದೆ ಇಬ್ಬರ ಸೇನೆಗಳೂ ಜೊತೆಯಾಗಿ ಅಹಮದ್‌ನಗರದ ಮೇಲೆ ಬಿದ್ದವು.

ಇಲ್ಲಿ ಧರ್ಮದ ಗೆರೆ ಹುಡುಕಿದರೆ ಸಿಗುವುದಿಲ್ಲ. ರಾಮರಾಯನ ಸೇನೆಯಲ್ಲಿ ಮುಸ್ಲಿಂ ಸರದಾರರಿದ್ದರು, ಬಿಜಾಪುರದ ಸೇನೆಯಲ್ಲಿ ಮರಾಠಾ ಸರದಾರರಿದ್ದರು.

ಬಲ ಇದ್ದ ಮಾತ್ರಕ್ಕೆ ನೆರೆಯವರು ತಿರುಗಿ ಬೀಳುವುದಿಲ್ಲ, ಬೆದರಿಕೆ ಕಂಡಾಗ ತಿರುಗಿ ಬೀಳುತ್ತಾರೆ ಎಂದು ಅಮೆರಿಕದ ರಾಜ್ಯಶಾಸ್ತ್ರಜ್ಞ ಸ್ಟೀಫನ್ ವಾಲ್ಟ್ 1980ರ ದಶಕದಲ್ಲಿ ವಾದಿಸಿದರು. ಒಟ್ಟು ಬಲದ ಜೊತೆಗೆ ಅದು ಎಷ್ಟು ಹತ್ತಿರದಲ್ಲಿದೆ, ದಾಳಿಗೆ ಎಷ್ಟು ತಕ್ಕುದು, ಅದರ ಹಿಂದಿನ ಮನಸ್ಸು ಎಂಥದು ಎಂಬುದನ್ನೂ ಅಳೆಯಬೇಕು ಎನ್ನುತ್ತಾರೆ ಅವರು. ರಾಮರಾಯನ ವಿಷಯದಲ್ಲಿ ಈ ಕೊನೆಯದೇ ನಿರ್ಣಾಯಕವಾಯಿತು ಎಂಬುದು ನನ್ನ ಅಭಿಪ್ರಾಯ. ಸೋತ ಅಹಮದ್‌ನಗರದ ಸುಲ್ತಾನ ಹುಸೇನ್ ನಿಜಾಮಶಹ ಕಲ್ಯಾಣದ ಕೋಟೆ ಬಿಟ್ಟುಕೊಡಬೇಕಾಗಿ ಬಂತು. ಅಷ್ಟು ಸಾಲದೆಂದು ರಾಮರಾಯನ ಕೈಯಿಂದ ವೀಳ್ಯ ಪಡೆಯಬೇಕು ಎಂಬ ಷರತ್ತೂ ಇತ್ತು ಎನ್ನುತ್ತದೆ ಮುಂದೆ ಬಿಜಾಪುರದಲ್ಲಿ ಬರೆದ ಪರ್ಷಿಯನ್ ಚರಿತ್ರೆ. ಅದು ನಿಜಾಮನೊಬ್ಬನ ಅವಮಾನವಾಗಿ ಉಳಿಯಲಿಲ್ಲ. ವೀಳ್ಯ ಹಿಡಿದವನು ಆಳು, ಕೊಟ್ಟವನು ಒಡೆಯ. ಇಂದು ಅವನಿಗೆ, ನಾಳೆ ನಮಗೆ ಎಂದು ಗೆದ್ದ ಪಕ್ಷದಲ್ಲಿದ್ದವರೂ ಲೆಕ್ಕ ಹಾಕಿರಬೇಕು.

ಗೋಲ್ಕೊಂಡದ ಇಬ್ರಾಹಿಂ ಕುತುಬಶಹನ ಕಥೆ ನನ್ನನ್ನು ಹೆಚ್ಚು ತಟ್ಟುತ್ತದೆ. ಅಣ್ಣನ ಭಯಕ್ಕೆ ಓಡಿಬಂದ ಇವನು ವಿಜಯನಗರದಲ್ಲಿ ಏಳು ವರ್ಷ ರಾಮರಾಯನ ಆಶ್ರಯದಲ್ಲಿದ್ದ. 1550ರಲ್ಲಿ ಸಿಂಹಾಸನ ಏರಿದ ಮೇಲೂ ತೆಲುಗು ಕವಿಗಳನ್ನು ಪೋಷಿಸಿದ. ಅನ್ನದ ಋಣ ಯಾರಿಗಾದರೂ ಇದ್ದರೆ ಇವನಿಗೆ ಇರಬೇಕಿತ್ತು. ಆದರೆ 1563ರ ಸುಮಾರಿಗೆ ಪಾನಗಲ್ಲು, ಘನಪುರದಂಥ ಕೋಟೆಗಳನ್ನು ರಾಮರಾಯನಿಗೆ ಒಪ್ಪಿಸಬೇಕಾದಾಗ, ಆ ಏಳು ವರ್ಷಗಳ ನೆನಪು ಅವನನ್ನು ಹಿಡಿದು ನಿಲ್ಲಿಸಲಿಲ್ಲ. ಬದ್ಧವೈರಿಗಳಾದ ಬಿಜಾಪುರ, ಅಹಮದ್‌ನಗರಗಳನ್ನು ಕೂಡಿಸಲು ಓಡಾಡಿದವರಲ್ಲಿ ಇವನೂ ಒಬ್ಬ.

ನಂಬಿಕೆ ಇಲ್ಲದವರ ನಡುವೆ ಒಪ್ಪಂದ ನಿಲ್ಲಬೇಕಾದರೆ ಅಡವು ಬೇಕು. ಇಲ್ಲಿ ಅಡವು ಮದುವೆಯ ರೂಪದಲ್ಲಿ ಬಂತು. ಹುಸೇನನ ಮಗಳು ಚಾಂದ್ ಬೀಬಿಯನ್ನು ಅಲಿಗೆ ಕೊಟ್ಟರು; ಇಬ್ಬರೂ ಕಿತ್ತಾಡಿದ್ದ ಸೊಲ್ಲಾಪುರದ ಕೋಟೆ ವರದಕ್ಷಿಣೆಯಾಗಿ ಹೋಯಿತು. ಅಲಿಯ ತಂಗಿ ಹುಸೇನನ ಮಗನ ಮನೆ ಸೇರಿದಳು. ಬೀದರ್ ಜೊತೆಗೂಡಿತು. ದಖನ್ನಿನ ಐದನೆಯ ಸುಲ್ತಾನಶಾಹಿ ಬೀರಾರ್ ಮಾತ್ರ ದೂರ ಉಳಿಯಿತು.

1565ರ ಜನವರಿ 23ರಂದು, ರಕ್ಕಸಗಿ-ತಂಗಡಗಿ ಬಳಿ, ವೃದ್ಧ ರಾಮರಾಯ ರಣರಂಗದಲ್ಲೇ ಸೆರೆಸಿಕ್ಕಿ ತಲೆ ಕಳೆದುಕೊಂಡ. ರಾಯಚೂರು, ಮುದಗಲ್ಲು ಮತ್ತೆ ಬಿಜಾಪುರಕ್ಕೆ ಬಂದವು. ತಡೆಯಬೇಕಾದ ಶಕ್ತಿಯೇ ಇಲ್ಲವಾದ ಮೇಲೆ ಬೀಗರ ನಡುವೆ ಹಳೆಯ ಜಗಳ ಮರಳಿತು. ದೂರ ಉಳಿದಿದ್ದ ಬೀರಾರನ್ನು ಅಹಮದ್‌ನಗರ 1574ರಲ್ಲಿ ನುಂಗಿತು. ಜೊತೆಗೆ ನಿಂತು ಹೋರಾಡಿದ್ದ ಬೀದರನ್ನು 1619ರಲ್ಲಿ ಬಿಜಾಪುರ.