ಗಾಳಿ ಮೇಲಕ್ಕೇ ಹೋಗುವ ಜಾಗ

ಸಿಂಗಪುರದಲ್ಲಿ ಕೊಡೆಯನ್ನು ಅಟ್ಟಕ್ಕೆ ಹಾಕುವ ತಿಂಗಳು ಅಂತ ಒಂದಿಲ್ಲ. ಏಪ್ರಿಲ್‌ನ ಒಂದು ದಿನ ನೋಡಿ. ಬೆಳಗ್ಗೆ ಸುಡು ಬಿಸಿಲು, ಅಂಟು ಬೆವರು. ಊಟದ ಹೊತ್ತಿಗೆ ಹೂಕೋಸಿನ ಹಾಗೆ ಉಬ್ಬಿದ ಮೋಡ. ಮೂರು ಗಂಟೆಗೆ ಗುಡುಗು, ಧೋ ಅಂತ ಮಳೆ. ಸಂಜೆಗೆ ಮತ್ತೆ ಬಿಸಿಲು. ಗಾಳಿ ಮಾತ್ರ ಎಲೆ ಅಲ್ಲಾಡಿಸಿದರೆ ಹೆಚ್ಚು. ಇಷ್ಟು ಮಳೆಯ ಊರಿಗೆ ಚಂಡಮಾರುತ ಯಾಕೆ ಬರುವುದಿಲ್ಲ?

ಊರು ಸಮಭಾಜಕ ವೃತ್ತದಿಂದ ಬರೀ 137 ಕಿ.ಮೀ. ದೂರದಲ್ಲಿದೆ. ಇಲ್ಲೆಲ್ಲ ಬಿಸಿಲಿಗೆ ಕಾದ ಗಾಳಿ ಹಗುರಾಗಿ ಮೇಲೇರುತ್ತದೆ. ಆ ಜಾಗ ತುಂಬಲು ಉತ್ತರ, ದಕ್ಷಿಣ ಎರಡೂ ಕಡೆಯಿಂದ ಗಾಳಿ ಬರುತ್ತದೆ. ಎದುರುಬದುರಾದ ಮೇಲೆ ಅವಕ್ಕೂ ಮೇಲಕ್ಕೆ ಹೋಗುವುದೊಂದೇ ದಾರಿ. ಮೇಲೇರಿದ ಹಸಿಗಾಳಿ ತಣಿದು ಮಳೆಯಾಗುತ್ತದೆ. ಕೆಳಗೆ ಸುಮ್ನೆ ಸೆಕೆ. ಹಿಂದೆ ಹಾಯಿ ಹಡಗುಗಳು ಈ ಪಟ್ಟಿಯಲ್ಲಿ ವಾರಗಟ್ಟಲೆ ನಿಂತುಬಿಡುತ್ತಿದ್ದವು.

ಚಂಡಮಾರುತಕ್ಕೆ ಬಿಸಿ ಸಮುದ್ರ ಸಾಲದು, ಸುತ್ತು ಬೇಕು. ಭೂಮಿ ತಿರುಗುವುದರಿಂದ ಉತ್ತರಾರ್ಧದಲ್ಲಿ ಗಾಳಿ ಬಲಕ್ಕೆ, ದಕ್ಷಿಣಾರ್ಧದಲ್ಲಿ ಎಡಕ್ಕೆ ವಾಲುತ್ತದೆ. ಸಮಭಾಜಕದ ಮೇಲೆ ಈ ವಾಲಿಕೆ ಸೊನ್ನೆ. ಹಾಗಾಗಿ ಅದರ ಅಕ್ಕಪಕ್ಕದ ಐದು ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ತೀರಾ ಅಪರೂಪ.

ಸಮಭಾಜಕದ ಗೆರೆ ಹಾದುಹೋಗುವ ಕೀನ್ಯಾದ ನಾನ್ಯುಕಿ ಊರಿನಲ್ಲಿ ಪ್ರವಾಸಿಗರಿಗೆ ಒಂದು ಆಟ ತೋರಿಸುತ್ತಾರೆ. ತಳದಲ್ಲಿ ತೂತಿರುವ ಪಾತ್ರೆಗೆ ನೀರು ಸುರಿದು ಕಡ್ಡಿ ತೇಲಿಬಿಡುತ್ತಾರೆ. ಗೆರೆಯ ಈಚೆ ಕಡ್ಡಿ ಒಂದು ಕಡೆಗೆ ಸುತ್ತುತ್ತದೆ, ಹತ್ತಾರು ಹೆಜ್ಜೆ ಆಚೆ ಇನ್ನೊಂದು ಕಡೆಗೆ. ನೋಡಲು ಚೆನ್ನ, ಆದರೆ ಅದು ನೀರು ಸುರಿಯುವ ಕೈಯ ಚಳಕ. ಗೆರೆಯ ಇಷ್ಟು ಹತ್ತಿರ ಭೂಮಿಯ ಆಟ ಇಂಥ ಪುಟ್ಟ ಪಾತ್ರೆಯಲ್ಲಿ ಕಾಣುವುದಿಲ್ಲ!

ಆದರೆ ಒಮ್ಮೆ ಲೆಕ್ಕ ತಪ್ಪಿತು. 2001ರ ಡಿಸೆಂಬರ್ 27ರಂದು ‘ವಾಮೇ’ ಎಂಬ ಚಂಡಮಾರುತ ಸಿಂಗಪುರದ ಪಕ್ಕದ ಮಲೇಷ್ಯಾ ಕರಾವಳಿಗೆ ಬಡಿಯಿತು. ಹುಟ್ಟಿದ್ದು ಸಮಭಾಜಕದಿಂದ ಒಂದೂವರೆ ಡಿಗ್ರಿಯಷ್ಟು ದೂರದಲ್ಲಿ! ಬೋರ್ನಿಯೋ ಹತ್ತಿರ ಮೊದಲೇ ಒಂದು ಸುಳಿಯಿತ್ತು. ದಕ್ಷಿಣ ಚೀನಾ ಸಮುದ್ರದ ಕಿರಿದಾದ ದಕ್ಷಿಣ ತುದಿಯಲ್ಲಿ ನುಗ್ಗಿಬಂದ ಈಶಾನ್ಯದ ಗಾಳಿ ಅದನ್ನು ಬುಗುರಿಯ ಹಾಗೆ ತಿರುಗಿಸಿತು.

ಉತ್ತರ, ದಕ್ಷಿಣದ ಗಾಳಿ ಸೇರುವ ಆ ಪಟ್ಟಿ ಇದ್ದಲ್ಲೇ ಇರುವುದಿಲ್ಲ, ಸೂರ್ಯನ ಬೆನ್ನು ಹತ್ತಿ ಓಡಾಡುತ್ತದೆ. ಮಳೆಗಾಲದಲ್ಲಿ ಅದು ಉತ್ತರ ಭಾರತದವರೆಗೂ ಏರುತ್ತದೆ. ಆಗ ದಕ್ಷಿಣದ ಗಾಳಿ ಆಫ್ರಿಕಾದ ಪೂರ್ವ ತೀರದ ಬಳಿ ಸಮಭಾಜಕ ದಾಟಿ, ಬಲಕ್ಕೆ ವಾಲಿ, ಅರಬ್ಬೀ ಸಮುದ್ರದ ನೀರು ಹೊತ್ತು ನಮ್ಮ ಘಟ್ಟಕ್ಕೆ ಬಡಿಯುತ್ತದೆ. ಆಗುಂಬೆಯಲ್ಲಿ ಸುರಿಯುವ ಮುಂಗಾರನ್ನು ನಾವು ನೈಋತ್ಯ ಮಾರುತ ಅನ್ನುತ್ತೇವೆ, ಅಲ್ವಾ? ಸಮಭಾಜಕದ ಆಚೆ ಹೊರಟಾಗ ಅದು ಆಗ್ನೇಯದ ಗಾಳಿ.