ರನ್‌ವೇ ಕಾಣದಿದ್ದರೆ ಎಲ್ಲಿಂದ ಮೇಲೇಳಬೇಕು?

ವಿಮಾನ ಮೋಡದೊಳಗೆ ಇಳಿಯುತ್ತಿದೆ. ಒಂದು ಜಾಗ ಬರುವಷ್ಟರಲ್ಲಿ ರನ್‌ವೇ ಕಣ್ಣಿಗೆ ಬೀಳಬೇಕು, ಇಲ್ಲದಿದ್ದರೆ ಮೇಲೇರಬೇಕು. ಇದೇ ಮಿಸ್ಡ್ ಅಪ್ರೋಚ್ ಪಾಯಿಂಟ್. ಆದರೆ ಆ ಜಾಗ ಬಂತು ಅಂತ ಪೈಲಟ್‌ಗೆ ಗೊತ್ತಾಗುವುದು ಹೇಗೆ?

ಜಿಪಿಎಸ್‌ಗೆ ಮುಂಚೆ ಎಷ್ಟೋ ಕಡೆ ಉತ್ತರ ಒಂದೇ: ಸ್ಟಾಪ್‌ವಾಚ್. ಕೊನೆಯ ಗುರುತು ದಾಟಿದ ಕೂಡಲೇ ಗುಂಡಿ ಒತ್ತಿ, ಚಾರ್ಟ್‌ನ ಕೆಳಗಿನ ಪಟ್ಟಿ ನೋಡಬೇಕು. 5 ನಾಟಿಕಲ್ ಮೈಲಿ, 90 ನಾಟ್ (ಗಂಟೆಗೆ 90 ನಾಟಿಕಲ್ ಮೈಲಿ) ವೇಗ ಅಂದರೆ 3 ನಿಮಿಷ 20 ಸೆಕೆಂಡ್. ಲೆಕ್ಕವೇನೋ ಸರಿ, ಗಾಳಿ ಕೇಳಬೇಕಲ್ಲ! ಲೆಕ್ಕಕ್ಕೆ ಸಿಗದ 20 ನಾಟ್ ಗಾಳಿ ಹಿಂದಿನಿಂದ ತಳ್ಳಿದರೆ, ಅಷ್ಟು ಹೊತ್ತಿಗೆ ವಿಮಾನ ಆ ಜಾಗ ದಾಟಿ ಒಂದು ಮೈಲಿಗೂ ಜಾಸ್ತಿ ಹೋಗಿರುತ್ತದೆ. ಅಲ್ಲಿ ಗುಡ್ಡವಿದ್ದರೆ?

1990ರ ದಶಕದಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಜಿಪಿಎಸ್ ಅಪ್ರೋಚ್‌ಗಳಿಗೆ ಒಪ್ಪಿಗೆ ಕೊಟ್ಟಿತು. ಮೊದಲು ನೆಲದ ರೇಡಿಯೋ ಕೇಂದ್ರಗಳನ್ನು ನಂಬಿದ ಹಳೇ ವಿಒಆರ್, ಎನ್‌ಡಿಬಿ ದಾರಿಗಳ ಮೇಲೆಯೇ ಜಿಪಿಎಸ್ ಹೊದಿಸಿದರು. ಆಮೇಲೆ ಜಿಪಿಎಸ್‌ಗೆಂದೇ ಹೊಸ ದಾರಿಗಳು ಬಂದವು. ಈಗ ಆ ಜಾಗ ಡೇಟಾಬೇಸ್‌ನಲ್ಲಿ ಹೆಸರಿರುವ ಒಂದು ಬಿಂದು, ಹೆಚ್ಚಾಗಿ ರನ್‌ವೇ ಅಂಚಿನಲ್ಲೇ. ಇನ್ನೆಷ್ಟು ದೂರ ಅಂತ ಪರದೆಯೇ ತೋರಿಸುತ್ತದೆ.

ಹಾಗಂತ ತೊಂದರೆ ಮುಗಿಯಲಿಲ್ಲ. ಬಿಂದು ದಾಟಿದ ಮೇಲೆ ಅನೇಕ ರಿಸೀವರ್‌ಗಳು ಮುಂದಿನ ದಾರಿಗೆ ತಾವಾಗಿಯೇ ಹೋಗುವುದಿಲ್ಲ, ಪೈಲಟ್ ಗುಂಡಿ ಒತ್ತಬೇಕು. ಎಂಜಿನ್‌ಗೆ ಪವರ್ ಕೊಡುತ್ತಾ, ಚಕ್ರ ಎತ್ತುತ್ತಾ ಇರುವ ಹೊತ್ತಲ್ಲೇ ಈ ಕೆಲಸ! ಬೇಗ ಮೇಲೇರಲು ತೀರ್ಮಾನಿಸಿದರೂ ಬಿಂದು ತಲುಪುವವರೆಗೆ ತಿರುಗುವಂತಿಲ್ಲ.

ನನಗೆ ವಿಚಿತ್ರ ಅನಿಸುವುದು ಇನ್ನೊಂದು. ಬಿಂದುವಿನವರೆಗೂ ಕೆಳಗಿಳಿಯದೆ ನಿಗದಿತ ಕನಿಷ್ಠ ಎತ್ತರದಲ್ಲೇ ಹಾರಬಹುದು. ಹಾಗೆ 500 ಅಡಿ ಎತ್ತರದಲ್ಲಿ ರನ್‌ವೇ ಅಂಚಿನ ಮೇಲೆ ಬಂದಾಗ ಅದು ಕಂಡರೂ ಏನು ಪ್ರಯೋಜನ? 3 ಡಿಗ್ರಿ ಇಳಿಜಾರಿನಲ್ಲಿ ಇಳಿಯಬೇಕಾದರೆ ಅದು ಸುಮಾರು ಒಂದೂವರೆ ಮೈಲಿ ಮೊದಲೇ ಕಾಣಬೇಕಿತ್ತು.

ಇದಕ್ಕೆ ದಾರಿ ತೋರಿಸಿದ್ದು ಜಿಪಿಎಸ್ ತಪ್ಪನ್ನು ತಿದ್ದುವ ಉಪಗ್ರಹಗಳು. ಅಮೆರಿಕದಲ್ಲಿ 2003ರಲ್ಲಿ ವಾಸ್ ಎಂಬ ಇಂಥ ವ್ಯವಸ್ಥೆ ಶುರುವಾಯಿತು. ನಮ್ಮದು ಗಗನ್, ಅದರ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. 2022ರ ಏಪ್ರಿಲ್‌ನಲ್ಲಿ ಇಂಡಿಗೋದ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು.

ಇಳಿಜಾರನ್ನೂ ತೋರಿಸುವ ಇಂಥ ಎಲ್‌ಪಿವಿ ಅಪ್ರೋಚ್‌ನಲ್ಲಿ ಪೈಲಟ್ ಜಾಗ ಹುಡುಕುವುದಿಲ್ಲ, ಎತ್ತರ ನೋಡುತ್ತಾನೆ. ಇಳಿಜಾರಿನ ಗೆರೆ ಹಿಡಿದು ನಿಗದಿತ ಎತ್ತರ ಮುಟ್ಟಿದಾಗ ರನ್‌ವೇ ಕಾಣದಿದ್ದರೆ ಅಲ್ಲಿಂದಲೇ ಮೇಲೆ. ಸಿಗ್ನಲ್ ಹದಗೆಟ್ಟು ರಿಸೀವರ್ ಎಡ-ಬಲದ ದಾರಿಯನ್ನಷ್ಟೇ ತೋರಿಸುವ ಎಲ್‌ಎನ್‌ಎವಿಗೆ ಇಳಿದರೆ ಮಾತ್ರ, ಮತ್ತೆ ರನ್‌ವೇ ಅಂಚಿನ ಆ ಹಳೇ ಬಿಂದುವೇ ಗತಿ.