ಮಾತ್ರೆಗೆ ಬಗ್ಗದ ಟಿಬಿ: ಮೊದಲು ಲೆಕ್ಕ, ಆಮೇಲೆ ಔಷಧ

ಎಂಡಿಆರ್ ಟಿಬಿ, ಅಂದರೆ ಮುಖ್ಯ ಔಷಧಗಳಿಗೆ ಬಗ್ಗದ ಟಿಬಿ, ಪಾಠ ಬಂದರೆ ಎಲ್ಲರೂ ಮಾತ್ರೆಗಳ ಹೆಸರು ಉರು ಹೊಡೆಯಲು ಕೂರುತ್ತೇವೆ. ಅದಕ್ಕೂ ಮೊದಲು ಒಂದು ಲೆಕ್ಕ ಮಾಡಿ. ಉಳಿದದ್ದು ತಾನಾಗೇ ತಲೆಗೆ ಹತ್ತುತ್ತದೆ.

ಶ್ವಾಸಕೋಶದಲ್ಲಿ ಟಿಬಿಯಿಂದ ಗುಳಿ ಬಿದ್ದಿದ್ದರೆ, ಆ ಒಂದೇ ಗುಳಿಯಲ್ಲಿ 10 ಕೋಟಿ ಬ್ಯಾಕ್ಟೀರಿಯಾ ಇರಬಹುದು. ಒಂದು ಎರಡಾಗುವಾಗ ಜೀನ್‌ನಲ್ಲಿ ಸಣ್ಣಪುಟ್ಟ ತಪ್ಪು ಆಗುತ್ತಲೇ ಇರುತ್ತದೆ. ಹೀಗೆ ಸುಮಾರು 10 ಲಕ್ಷಕ್ಕೆ ಒಂದು ಬ್ಯಾಕ್ಟೀರಿಯಾ ಟಿಬಿಯ ಮುಖ್ಯ ಔಷಧ ಐಸೋನಿಯಾಜಿಡ್‌ಗೆ ಬಗ್ಗುವುದಿಲ್ಲ. ಇನ್ನೊಂದು ಮುಖ್ಯ ಔಷಧ ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು 10 ಕೋಟಿಗೆ ಒಂದು. ಈಗ ಬರೀ ಐಸೋನಿಯಾಜಿಡ್ ಕೊಟ್ಟರೆ? ನೂರು ಬ್ಯಾಕ್ಟೀರಿಯಾ ಉಳಿದವು. ಖಾಲಿಯಾದ ಜಾಗವನ್ನೆಲ್ಲ ಅವೇ ತುಂಬುತ್ತವೆ. ಎರಡನ್ನೂ ಸೇರಿಸಿ ಕೊಟ್ಟರೆ, ಎರಡಕ್ಕೂ ಬಗ್ಗದ್ದು ಸಿಗಲು 1ರ ಮುಂದೆ 14 ಸೊನ್ನೆ ಹಾಕಿದಷ್ಟು ಬ್ಯಾಕ್ಟೀರಿಯಾ ಬೇಕು. ಅಷ್ಟು ಯಾರ ಮೈಯಲ್ಲೂ ಇರುವುದಿಲ್ಲ. ಬ್ರಿಟನ್ನಿನಲ್ಲಿ ಸ್ಟ್ರೆಪ್ಟೋಮೈಸಿನ್ ಎಂಬ ಔಷಧ ಒಂದನ್ನೇ ಟಿಬಿಗೆ ಕೊಟ್ಟು ನೋಡಿದ ಪರೀಕ್ಷೆಯ ಫಲ 1948ರಲ್ಲಿ ಬಂತು. ಮೊದಲು ಚೇತರಿಕೆ, ಆಮೇಲೆ ಹಲವರಲ್ಲಿ ಔಷಧ ನಾಟದ ಬ್ಯಾಕ್ಟೀರಿಯಾ.

ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದಿದ್ದರೆ ಅದು ಎಂಡಿಆರ್. ಬಗ್ಗದಿರುವುದು ಬ್ಯಾಕ್ಟೀರಿಯಾ, ಮನುಷ್ಯನಲ್ಲ. ಹುಟ್ಟಿದಾಗಿನಿಂದ ಒಂದು ಟಿಬಿ ಮಾತ್ರೆಯನ್ನೂ ಮುಟ್ಟದವರಿಗೂ, ಬೇರೆಯವರ ಕೆಮ್ಮಿನ ಗಾಳಿಯಿಂದ ನೇರವಾಗಿ ಎಂಡಿಆರ್ ಬರಬಹುದು. ಹಾಗಾಗಿ 'ಮಧ್ಯದಲ್ಲಿ ಮಾತ್ರೆ ಬಿಟ್ಟಿದ್ರಾ?' ಅಂತ ಗದರುವುದು ಅನ್ಯಾಯ. ತಟ್ಟೆ ಲೋಟ ಬೇರೆ ಇಡುವುದೂ ಅಷ್ಟೇ. ಇದು ಗಾಳಿಯಲ್ಲಿ ಹರಡುತ್ತದೆ, ಊಟದ ತಟ್ಟೆಯಲ್ಲಲ್ಲ. ಕಿಟಕಿ ತೆರೆದಿಡಿ, ಮಾಸ್ಕ್ ಕೊಡಿ.

ಮೊದಲೆಲ್ಲ ಚಿಕಿತ್ಸೆ ಒಂದೂವರೆ ವರ್ಷಕ್ಕೂ ಜಾಸ್ತಿ. ಜೊತೆಗೆ ತಿಂಗಳುಗಟ್ಟಲೆ ಕನಾಮೈಸಿನ್ ಇಂಜೆಕ್ಷನ್. ಅದು ಎಷ್ಟೋ ಜನರ ಕಿವಿಯನ್ನೇ ತೆಗೆದುಕೊಂಡಿತು. ಹಾಗೆ ಚಿಕಿತ್ಸೆಯಲ್ಲಿ ಕಿವಿ ಕಳೆದುಕೊಂಡ ಇಬ್ಬರು, ಮುಂಬೈನ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ, ಬೆಡಾಕ್ವಿಲಿನ್ ಎಂಬ ಟಿಬಿ ಮಾತ್ರೆಯ ಪೇಟೆಂಟನ್ನು (ಬೇರೆಯವರು ಅದನ್ನು ತಯಾರಿಸದಂತೆ ತಡೆಯುವ ಹಕ್ಕು) ಇನ್ನೂ 4 ವರ್ಷ ಎಳೆಯುವ ಕಂಪನಿಯ ಅರ್ಜಿಯನ್ನು ಭಾರತದಲ್ಲಿ ಪ್ರಶ್ನಿಸಿದರು. 2023ರ ಮಾರ್ಚ್‌ನಲ್ಲಿ ಆ ಅರ್ಜಿ ಬಿದ್ದುಹೋಯಿತು. ಈ ಸಂಗತಿ ಓದಿದ ದಿನ ನಾನು ತುಂಬ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ.

ಈಗಿನ ಚಿಕಿತ್ಸೆ ಬಿಪಾಲ್ಎಂ, ನಾಲ್ಕು ಮಾತ್ರೆಗಳನ್ನು ಸೇರಿಸಿದ್ದು: ಬೆಡಾಕ್ವಿಲಿನ್, ಪ್ರಿಟೋಮಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್. 26 ವಾರ, ಇಂಜೆಕ್ಷನ್ ಇಲ್ಲ. ಭಾರತ 2024ರಲ್ಲಿ ಒಪ್ಪಿತು.

ಬೆಡಾಕ್ವಿಲಿನ್ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಮೈಗೆ ಸೇರುವುದು ಸುಮಾರು ಅರ್ಧ. ಇದಕ್ಕೆ ಇನ್ನೊಂದು ಗುಣ ಇದೆ. ಮೈಯಿಂದ ಹೊರಹೋಗಲು ಇದಕ್ಕೆ ತಿಂಗಳುಗಳೇ ಬೇಕು. ಮೂರನೇ ತಿಂಗಳಲ್ಲಿ ಹುಷಾರಾಯ್ತು ಅಂತ ಎಲ್ಲ ಮಾತ್ರೆ ಒಟ್ಟಿಗೆ ನಿಲ್ಲಿಸಿದರೆ, ಉಳಿದ ಮೂರು ಬೇಗ ಖಾಲಿ. ಬೆಡಾಕ್ವಿಲಿನ್ ಒಂದೇ, ಅದೂ ಅರೆಬರೆ ಪ್ರಮಾಣದಲ್ಲಿ, ಉಳಿಯುತ್ತದೆ. ಮೇಲಿನ ಲೆಕ್ಕ ನೆನಪಿದೆಯಲ್ವಾ? ಒಂದೇ ಔಷಧ, ಬದುಕುಳಿದ ಬ್ಯಾಕ್ಟೀರಿಯಾ.

ದಿನದಿನವೂ ಕಾಡುವುದು ಲಿನೆಜೋಲಿಡ್. ಕೆಲವು ವಾರ ಕಳೆದ ಮೇಲೆ ಕಾಲ್ಬೆರಳಲ್ಲಿ ಇರುವೆ ಹರಿದ ಹಾಗೆ ಜುಮುಜುಮು ಶುರುವಾಗಬಹುದು. ಆಮೇಲೆ ಜೋಮು, ಚಪ್ಪಲಿ ಕಾಲಿಂದ ಜಾರಿದರೂ ಗೊತ್ತಾಗದಷ್ಟು. ರೋಗಿಗಳು ಇದನ್ನು ಸುಮ್ನೆ ಸುಸ್ತು ಅಂತ ಬಿಟ್ಟುಬಿಡುತ್ತಾರೆ. ನಾವೇ ಕೇಳಬೇಕು, ಪ್ರತಿ ಭೇಟಿಯಲ್ಲೂ. ಬೇಗ ಹೇಳಿದರೆ ವೈದ್ಯರು ಪ್ರಮಾಣ ಇಳಿಸಿ ನೋಡಬಹುದು. ಕಣ್ಣು ಮಂಜಾದರೆ ಒಂದು ದಿನವೂ ಕಾಯಬಾರದು. ಬೆಡಾಕ್ವಿಲಿನ್, ಮಾಕ್ಸಿಫ್ಲಾಕ್ಸಸಿನ್ ಎರಡೂ ಹೃದಯದ ಲಯವನ್ನು ಏರುಪೇರು ಮಾಡಬಹುದು, ಅದಕ್ಕೇ ಆಗಾಗ ಇಸಿಜಿ.

ಲಿನೆಜೋಲಿಡ್ ರಕ್ತವನ್ನೂ ಕಮ್ಮಿ ಮಾಡುತ್ತದೆ. ಮುಖ ಬಿಳಿಚಿಕೊಂಡದ್ದು ನೋಡಿ ಮನೆಯವರು ಪ್ರೀತಿಯಿಂದ ಐರನ್ ಟಾನಿಕ್ ತರುತ್ತಾರೆ. ಆ ಕಬ್ಬಿಣ ಹೊಟ್ಟೆಯಲ್ಲಿ ಮಾಕ್ಸಿಫ್ಲಾಕ್ಸಸಿನ್‌ಗೆ ಅಂಟಿಕೊಂಡು ಅದನ್ನು ಮೈಗೆ ಸೇರಲು ಬಿಡುವುದಿಲ್ಲ. ನಾಲ್ಕರಲ್ಲಿ ಒಂದು ಔಷಧ ಅರ್ಧಂಬರ್ಧ ಆಯಿತು. ಟಾನಿಕ್ ಬೇಕೋ ಬೇಡವೋ ವೈದ್ಯರು ಹೇಳಲಿ. ಬೇಕಾದರೆ ಮಾಕ್ಸಿಫ್ಲಾಕ್ಸಸಿನ್ ನುಂಗಿ 4 ಗಂಟೆ ಆದ ಮೇಲೆ ಕುಡಿಯಬೇಕು. ಮೊದಲೇ ಟಾನಿಕ್ ಕುಡಿದಿದ್ದರೆ 8 ಗಂಟೆ ಕಾಯಬೇಕು. ಎದೆಯುರಿಗೆ ಕುಡಿಯುವ ಆಂಟಾಸಿಡ್‌ಗೂ ಇದೇ ಅಂತರ.